ಮುಚ್ಚಳದ ಮೇಲೆ ಎಂಪಿ3

ತಂಗಿಯ ಸೀಮಂತಕ್ಕೆ ಅಜ್ಜಿಯ ಸೋಬಾನೆ ಪದ ಬೇಕೇ ಬೇಕು. ಅಷ್ಟು ಜನರ ಮುಂದೆ ಹಾಡಲ್ಲ ಎಂದು ಅಜ್ಜಿ ಹಟ ಹಿಡಿದರು. ಸರಿ, ಹಿಂದಿನ ದಿನ ಅಡುಗೆಮನೆಯಲ್ಲಿ ಕೂರಿಸಿ ನನ್ನ ಐಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನಾಲ್ಕು ನಿಮಿಷದ ಹಾಡು. ನಡುವೆ ಒಂದು ಕುಕ್ಕರ್ ವಿಶಲ್ ಉಚಿತ.

ಮೈಕ್‌ಸೆಟ್ ಹುಡುಗ ಮೊದಲೇ ಹೇಳಿದ್ದ, "ಅಣ್ಣ, ಪೆನ್‌ಡ್ರೈವಲ್ಲಿ ಎಂಪಿ3 ತನ್ನಿ. ನಮ್ಮ ಆಂಪ್ಲಿಫೈಯರ್ ಬೇರೆ ಏನೂ ತಗೊಳಲ್ಲ."

ಫೈಲಿನ ಬಾಲದಲ್ಲಿ ಎಂ4ಎ ಅಂತಿತ್ತು. ಅಷ್ಟೇ ತಾನೇ? ರೀನೇಮ್ ಮಾಡಿ ಎಂಪಿ3 ಎಂದು ಬರೆದೆ. 'ಫೈಲ್ ಕೆಡಬಹುದು, ಪರವಾಗಿಲ್ವಾ?' ಎಂದು ಲ್ಯಾಪ್‌ಟಾಪ್ ಕೇಳಿತು. ಅದು ಎಲ್ಲದಕ್ಕೂ ಹಾಗೇ ಕೇಳುತ್ತೆ ಅಲ್ವಾ, ಎಸ್ ಒತ್ತಿದೆ. ಹಾಡು ನುಡಿಸುವ ವಿಎಲ್‌ಸಿ ಪ್ಲೇಯರಿನಲ್ಲಿ ಹಾಕಿದರೆ ಅಜ್ಜಿ ಚೆನ್ನಾಗಿಯೇ ಹಾಡಿದರು.

ಮರುದಿನ ಛತ್ರದಲ್ಲಿ ಮುತ್ತೈದೆಯರು ಆರತಿ ತಟ್ಟೆ ಹಿಡಿದು ನಿಂತಿದ್ದಾರೆ. ಆಂಪ್ಲಿಫೈಯರಿನ ಕೆಂಪು ಅಂಕಿ 001 ಎಂದು ಮಿಣುಕಿ, ತಡವರಿಸಿ, 002ಕ್ಕೆ ಹಾರಿತು. 002 ನಾನು ಜಿಮ್ಮಿಗೆ ಇಟ್ಟುಕೊಂಡ ಹಾಡು.

ನಮ್ಮ ಅಮ್ಮನ ಬೋರ್ನ್‌ವಿಟಾ ಡಬ್ಬಿಯಲ್ಲಿ ವರ್ಷಗಟ್ಟಲೆಯಿಂದ ಇರುವುದು ಮೆಂತ್ಯ. ಚೀಟಿ ನಂಬಿ ಹಾಲಿಗೆ ಹಾಕಿಕೊಂಡವನು ನಾನೇ. ಆದರೂ ಬುದ್ಧಿ ಬರಲಿಲ್ಲ. ಎಂ4ಎ ಒಂದು ಡಬ್ಬಿ. ಒಳಗೆ ಅಜ್ಜಿಯ ದನಿ ಎಎಸಿ ಎಂಬ ಬಗೆಯಲ್ಲಿ ಅಡಕವಾಗಿ ಕೂತಿತ್ತು. ಅದೇ ಡಬ್ಬಿಯಲ್ಲಿ ಎಎಲ್‌ಎಸಿ ಎಂಬ ಇನ್ನೊಂದು ಬಗೆಯೂ ಇರಬಹುದು. ನಾನು ಬದಲಿಸಿದ್ದು ಮೇಲಿನ ಚೀಟಿ ಮಾತ್ರ. ವಿಎಲ್‌ಸಿ ಚಾಲಾಕಿ. ಚೀಟಿ ಓದಿ ಸುಮ್ನಾಗದೆ ಮುಚ್ಚಳ ತೆಗೆದು ಮೂಸುತ್ತೆ. ಫೈಲಿನ ಶುರುವಿನ ಕೆಲವೇ ಬೈಟುಗಳಲ್ಲಿ ಡಬ್ಬಿ ಯಾವುದೆಂಬ ಗುರುತು ಇರುತ್ತದೆ. ಪಾಪ, ಆಂಪ್ಲಿಫೈಯರಿಗೆ ಎಎಸಿ ಬಿಚ್ಚುವ ವಿದ್ಯೆಯೇ ಇಲ್ಲ. ಕನ್ವರ್ಟರ್‌ನಲ್ಲಿ ಎಎಸಿಯನ್ನು ಬಿಚ್ಚಿ ಎಂಪಿ3 ಆಗಿ ಮತ್ತೆ ಕಟ್ಟಬೇಕಿತ್ತು. ಒಂದು ನಿಮಿಷದ ಕೆಲಸ. ಆದರೆ ಲ್ಯಾಪ್‌ಟಾಪ್ ಮನೆಯಲ್ಲಿ.

"ಕೊಡಿ ಅಣ್ಣ" ಎಂದು ಹುಡುಗ ನನ್ನ ಫೋನ್ ಕಿತ್ತುಕೊಂಡು, ಹಾಡು ಹಾಕಿ, ಸ್ಪೀಕರಿಗೆ ಮೈಕ್ ಹಿಡಿದ. ಆರತಿ ಶುರುವಾಯಿತು. ಎರಡನೇ ನುಡಿಗೆ ಫೋನ್ ರಿಂಗಾಯಿತು, ಇಡೀ ಛತ್ರಕ್ಕೆ ಕೇಳುವಂತೆ. ಅನ್ನ ಇಳಿಸಲಾ ಎಂದು ಕೇಳಲು ಹಿಂದಿನ ಅಡುಗೆಮನೆಯಿಂದ ಭಟ್ಟರು.

ಮುಂದಿನ ಸಾಲಿನಲ್ಲಿದ್ದ ಅಜ್ಜಿ ನನ್ನ ಕಡೆ ತಿರುಗಿದರು.

"ಅಲ್ವೋ, ನಾನು ಹಾಡುವಾಗ ಕುಕ್ಕರ್ ಒಂದೇ ಕೂಗಿದ್ದು. ಈ ಗಂಟೆ ಯಾವಾಗ ಹೊಡೀತೋ?"