ಪ್ರಶಸ್ತಿ ಸಿಗದ ಕಾದಂಬರಿಯನ್ನೇ ಮೊದಲು ಓದಲು ಕೊಡಬೇಕೆ?

ಪರ

‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಕುವೆಂಪು ಅವರಿಗೆ 1955ರಲ್ಲೇ ‘ಶ್ರೀ ರಾಮಾಯಣ ದರ್ಶನಂ’ಗೆ ಅದು ಸಂದಿತ್ತು. ಒಬ್ಬ ಲೇಖಕರಿಗೆ ಒಮ್ಮೆ ಕೊಟ್ಟರೆ ಮುಗಿಯಿತು. ಭೈರಪ್ಪನವರ ‘ದಾಟು’ವಿಗೆ 1975ರಲ್ಲಿ ಬಂತು, ನಾಲ್ಕು ವರ್ಷದ ನಂತರದ ‘ಪರ್ವ’ಕ್ಕೆ ಬಾಗಿಲು ಅಲ್ಲಿಗೇ ಮುಚ್ಚಿತು. ಶಿವರಾಮ ಕಾರಂತರ ‘ಚೋಮನ ದುಡಿ’ ಬಂದ 1933ರಲ್ಲಿ ಅಕಾಡೆಮಿಯೇ ಹುಟ್ಟಿರಲಿಲ್ಲ. ಇಂದಿಗೂ ಒಂದು ಭಾಷೆಗೆ ವರ್ಷಕ್ಕೆ ಒಂದೇ ಪುಸ್ತಕ. ಕವಿತೆ, ಕತೆ, ವಿಮರ್ಶೆ, ಕಾದಂಬರಿ ಎಲ್ಲವೂ ಆ ಒಂದಕ್ಕೇ ಪೈಪೋಟಿ ಮಾಡಬೇಕು. ಏನು ಓದಲಿ ಎಂದು ಕೇಳುವ ಹುಡುಗರ ಕೈಗೆ ಈ ಪ್ರಶಸ್ತಿಯ ಪಟ್ಟಿ ಇಡುವುದು ಅನ್ಯಾಯ.

ನಾನು ಎಲ್ಲರಿಗೂ ಕೊಡುವುದು ಯಶವಂತ ಚಿತ್ತಾಲರ ‘ಶಿಕಾರಿ’. ಬಂದದ್ದು 1979ರಲ್ಲಿ. ಚಿತ್ತಾಲರಿಗೆ ಅಕಾಡೆಮಿ ಪ್ರಶಸ್ತಿ ಬಂದದ್ದು 1983ರಲ್ಲಿ, ಕಥಾಸಂಕಲನಕ್ಕೆ. ನಾನು ‘ಶಿಕಾರಿ’ ಓದಿದ್ದು ನನ್ನನ್ನು ಕೆಲಸದಿಂದ ಅಮಾನತು ಮಾಡಿದ್ದ ದಿನಗಳಲ್ಲಿ. ಕಾರಣ ಹೇಳಿರಲಿಲ್ಲ. ನಿನ್ನೆವರೆಗೆ ಜೊತೆಗೆ ಚಹಾ ಕುಡಿದವರು ಫೋನ್ ಎತ್ತುತ್ತಿರಲಿಲ್ಲ. ಆಗ ಸ್ನೇಹಿತನೊಬ್ಬ ಬೈಂಡು ಬಿಟ್ಟುಹೋಗಿದ್ದ ಹಳೆಯ ‘ಶಿಕಾರಿ’ ತಂದುಕೊಟ್ಟ. ಅದರ ನಾಯಕ, ಮುಂಬಯಿಯ ನಾಗಪ್ಪನೂ ಏಕೆಂದು ತಿಳಿಯದೆ ಅಮಾನತಾದವನೇ. ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಕಳಚಿದ ಹಾಳೆಗಳನ್ನು ಒಂದೊಂದಾಗಿ ತೊಡೆಯ ಮೇಲೆ ಜೋಡಿಸಿಕೊಂಡು ಓದಿದೆ. ನನಗೆ ಆಗುತ್ತಿದ್ದುದಕ್ಕೆ ಮಾತು ಸಿಕ್ಕಿದ್ದು ಅಲ್ಲಿ. ಕೆಲಸ ತಿರುಗಿ ಸಿಕ್ಕಿತು, ಆದರೆ ಆ ಪುಸ್ತಕ ಹಿಂದಿರುಗಿಸಲು ಮನಸ್ಸಾಗದೆ ಸ್ನೇಹಿತನಿಗೆ ಹೊಸದೊಂದು ಕೊಂಡುಕೊಟ್ಟೆ. ಆಮೇಲೆ ಎಷ್ಟು ಪ್ರತಿ ಹಂಚಿದೆನೋ ಲೆಕ್ಕವಿಟ್ಟಿಲ್ಲ.

ವಿರೋಧ

ಈ ಪಕ್ಷ ವಹಿಸಿ ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಮೇಲಿನ ಕೃತಿಗಳ ದೊಡ್ಡತನದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪ್ರಶಸ್ತಿ ಸಿಗದಿರುವುದೇ ಹಿರಿಮೆ ಎನ್ನುವ ಮಾತು ಒಪ್ಪಲಾರೆ. ಹಾಗೆ ಹೊರಟರೆ ಅದೇ ಪ್ರಶಸ್ತಿ ಪಡೆದ ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನೂ ಪಕ್ಕಕ್ಕಿಡಬೇಕಾಗುತ್ತದೆ. ಕುವೆಂಪು, ಭೈರಪ್ಪನವರ ಹೆಸರು ಯಾರೂ ಹೇಳಿಕೊಡಬೇಕಿಲ್ಲ. ಹೆಸರು ಕೇಳಿರದ ಪುಸ್ತಕ ಸಣ್ಣ ಊರಿನ ಓದುಗನಿಗೆ ತಲುಪುವುದು ಪ್ರಶಸ್ತಿಯ ಸುದ್ದಿಯಿಂದಲೇ.

ನನಗೆ ದೇವನೂರ ಮಹಾದೇವರ ‘ಕುಸುಮಬಾಲೆ’ ತಲುಪಿದ್ದು ಹಾಗೆ, 1990ರ ಪ್ರಶಸ್ತಿಯ ನಂತರ. ಅದರ ನಂಜನಗೂಡು ಸೀಮೆಯ ಆಡುಮಾತು ನಮ್ಮ ಮನೆಯದೇ ಆದರೂ ಅಚ್ಚಿನಲ್ಲಿ ಕಂಡಾಗ ತಡವರಿಸಿ ಎರಡು ಸಲ ಕೆಳಗಿಟ್ಟೆ. ಪ್ರಶಸ್ತಿ ಬಂದಿದೆಯಲ್ಲ, ಏನೋ ಇರಬೇಕು ಎಂದು ಮೂರನೇ ಸಲ ಜೋರಾಗಿ ಓದತೊಡಗಿದೆ. ರಾಗಿ ಕೇರುತ್ತಿದ್ದ ಅವ್ವ ಮೊರ ನಿಲ್ಲಿಸಿ, “ಇನ್ನೊಂದ್ಸಲ ಓದು ಮಗ” ಅಂದಳು.