ತ್ರೀ ನಾಟ್ ಫೋರ್ ಮತ್ತು ಕ್ಯಾಲಿಫೋರ್ನಿಯಾದ ಗಡಿಯಾರ

ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅಮೆರಿಕದವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡರೆ, ಸೋಮವಾರದಿಂದ ಬೆಳ್ಳಂದೂರಿನ ಪಿಜಿಯೊಂದರಲ್ಲಿ ನನ್ನ ಪಾಲಿನ ಸಾರು ಖಾಲಿಯಾಗುತ್ತದೆ ಎಂಬ ಸಂಗತಿಯನ್ನು ಇಂಜಿನಿಯರಿಂಗ್‌ನ ಯಾವ ಸೆಮಿಸ್ಟರಿನಲ್ಲೂ ನಮಗೆ ಕಲಿಸಿರಲಿಲ್ಲ. ಜಾಗತಿಕ ಕಂಪನಿಯಲ್ಲಿ ಇಂಟರ್ನ್‌ಶಿಪ್ ಎಂದರೆ ಜಗತ್ತೇ ಬಂದು ಕೈ ಕುಲುಕುತ್ತದೆ ಎಂದು ನಾವೆಲ್ಲ ಭಾವಿಸಿರುತ್ತೇವೆ. ಜಗತ್ತು ಬರುವುದೇನೋ ನಿಜ. ಆದರೆ ಅದು ಬರುವುದು ಸರಿಯಾಗಿ ಊಟದ ಹೊತ್ತಿಗೆ.

ಲೆಕ್ಕ ಬಹಳ ಸರಳವಾದದ್ದು. ನಮ್ಮ ತಂಡದ ದಿನನಿತ್ಯದ ಕಾಲ್ ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ 8 ಗಂಟೆಗೆ. ಚಳಿಗಾಲದಲ್ಲಿ ಅವರಿಗೂ ನಮಗೂ ಹದಿಮೂರೂವರೆ ಗಂಟೆಗಳ ಅಂತರವಿರುವುದರಿಂದ ನಮಗದು ರಾತ್ರಿ 9.30. ಪಿಜಿಯಲ್ಲಿ ಊಟ 8.30ರಿಂದ 9.30ರವರೆಗೆ. ಉಂಡು, ಕೈ ತೊಳೆದು, ಮಜ್ಜಿಗೆಯ ಲೋಟವನ್ನು ಪಕ್ಕದಲ್ಲಿಟ್ಟುಕೊಂಡೇ ಲ್ಯಾಪ್‌ಟಾಪಿನ ಮುಂದೆ ಕುಳಿತುಕೊಳ್ಳಬಹುದಾಗಿದ್ದ ಆ ಜನವರಿ, ಫೆಬ್ರುವರಿಗಳು ಎಷ್ಟು ಸುಖದ ದಿನಗಳಾಗಿದ್ದವು ಎಂದು ಆಗ ತಿಳಿಯಲಿಲ್ಲ. ಈಗ ಅಂತರ ಹನ್ನೆರಡೂವರೆ ಗಂಟೆಗೆ ಇಳಿದಿದೆ. ಕಾಲ್ 8.30ಕ್ಕೆ ಶುರುವಾಗುತ್ತದೆ. ಕಾಗದದ ಮೇಲೆ ಅದು ಅರ್ಧ ಗಂಟೆಯ ಕಾಲ್. ಮುಗಿಯುವಾಗ ಅಡುಗೆಮನೆಯ ದೀಪ ಆರಿರುತ್ತದೆ. ಕ್ಯಾಲೆಂಡರ್ ತಂತ್ರಾಂಶವು ಈ ಬದಲಾವಣೆಯನ್ನು ಯಾರನ್ನೂ ಕೇಳದೆ ತಾನಾಗಿಯೇ ಮಾಡಿಕೊಂಡಿತು. ಅನ್ನದ ಪಾತ್ರೆಗೆ ಆ ಸೌಲಭ್ಯವಿಲ್ಲ.

ನಮ್ಮ ಮ್ಯಾನೇಜರ್ ಒಳ್ಳೆಯವರು. "ನೀವು ಭಾರತದಲ್ಲಿ ಗಡಿಯಾರವನ್ನು ಯಾವಾಗ ಬದಲಿಸುತ್ತೀರಿ?" ಎಂದು ಕಾಳಜಿಯಿಂದಲೇ ಕೇಳಿದರು. ಬದಲಿಸುವುದಿಲ್ಲ ಎಂದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಇಲ್ಲಿಯೂ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟಿದ್ದರು. ಈಗ ಆ ಗೋಜಿಲ್ಲ ಎಂದೂ ಸೇರಿಸಿದೆ. ಅವರು ತುಂಬ ಸ್ವಾರಸ್ಯಕರವಾಗಿದೆ ಎಂದರು. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆಯನ್ನು ಕೇಳಿದರು.

ಡಬ್ಲಿನ್ನಿನಲ್ಲಿರುವ ಹಿರಿಯ ಸಹೋದ್ಯೋಗಿಯ ಸ್ಥಿತಿ ನನಗಿಂತ ವಾಸಿ. ಅಲ್ಲಿ ಗಡಿಯಾರ ಬದಲಾಗುವುದು ಮಾರ್ಚ್ ಕೊನೆಯ ಭಾನುವಾರ. ಅಲ್ಲಿಯವರೆಗೆ ಅವರಿಗೆ ಕಾಲ್ ಒಂದು ಗಂಟೆ ಬೇಗ ಬರುತ್ತದೆ, ಆಮೇಲೆ ಎಲ್ಲವೂ ಮೊದಲಿನಂತಾಗುತ್ತದೆ. ನನ್ನ ಒಂದು ಗಂಟೆ ಮರಳಿ ಬರುವುದು ನವೆಂಬರಿನ ಮೊದಲ ಭಾನುವಾರ; ಇಂಟರ್ನ್‌ಶಿಪ್ ಮುಗಿಯುವುದು ಮಳೆಗಾಲದ ಆರಂಭಕ್ಕೆ.

ಇನ್ನು ಕಾಲ್ ನಡೆಯುವ ಕ್ರಮ. ಮೊದಲು ಹವಾಮಾನ. ಡಬ್ಲಿನ್ನಿನಲ್ಲಿ ಮಳೆ, ಕ್ಯಾಲಿಫೋರ್ನಿಯಾದಲ್ಲಿ ಬಿಸಿಲು, ಪುಣೆಯಲ್ಲಿ ಸೆಕೆ. ಬಳಿಕ ಹುದ್ದೆಯ ಗಾತ್ರಕ್ಕೆ ತಕ್ಕಂತೆ ಒಬ್ಬೊಬ್ಬರೂ ತಮ್ಮ ಕೆಲಸದ ವರದಿ ಒಪ್ಪಿಸಬೇಕು. ಇಂಟರ್ನ್‌ನ ಸರದಿ ಕಟ್ಟಕಡೆಯದು, ಹೆಚ್ಚುಕಡಿಮೆ 9.15ಕ್ಕೆ. ನಾನು ಆಗ ಹೇಳುವ ವಾಕ್ಯವೂ ಒಂದೇ: "ಡೇಟಾಬೇಸ್‌ನ ಆಕ್ಸೆಸ್‌ಗಾಗಿ ಕಾಯುತ್ತಿದ್ದೇನೆ." ಇಂಟರ್ನ್‌ಶಿಪ್ ಮಾಡಿದವರಿಗೆ ಈ ವಾಕ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಕೆಲಸ ಕೊಡುವವರು ಒಬ್ಬರು, ಕೆಲಸ ಮಾಡಲು ಅನುಮತಿ ಕೊಡುವವರು ಇನ್ನೊಬ್ಬರು, ಆ ಇನ್ನೊಬ್ಬರು ಸದಾ ರಜೆಯಲ್ಲಿ.

ಈಗ ನಮ್ಮ ಪಿಜಿಯ ಆಂಟಿಯ ವಿಷಯ. ಅವರು ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಕೋಣೆಯ ನಂಬರಿನಿಂದಲೇ ಕರೆಯುತ್ತಾರೆ. ಹುಡುಗರು ಬರುತ್ತಾರೆ, ಹೋಗುತ್ತಾರೆ, ಕೋಣೆ ಇಲ್ಲೇ ಇರುತ್ತದೆ ಎಂಬುದು ಅವರ ವಾದ. ಬಾಡಿಗೆ ವಸೂಲಿ ಮಾಡಿ ಪಳಗಿದವರ ಈ ವಾದವನ್ನು ತಳ್ಳಿಹಾಕುವುದು ಕಷ್ಟ. ಜ್ವರ ಬಂದು ಮಲಗಿದರೆ "ಟೂ ನಾಟ್ ಒನ್‌ಗೆ ಗಂಜಿ ಮಾಡಬೇಕು" ಎನ್ನುತ್ತಾರೆ. ಯಾರದೋ ಮದುವೆ ನಿಶ್ಚಯವಾದರೆ "ಒನ್ ನಾಟ್ ಟೂ ಅದೃಷ್ಟವಂತ" ಎನ್ನುತ್ತಾರೆ. ಅವನ ಜೊತೆಗಿರುವ ಇನ್ನಿಬ್ಬರು, ಅದೃಷ್ಟ ತಮಗೂ ಅನ್ವಯಿಸುತ್ತದೆಯೇ ಎಂದು ಅನುಮಾನದಿಂದ ನೋಡುತ್ತಾರೆ. ಊಟದ ಕೊನೆಯ ಕರೆ 9.15ಕ್ಕೆ, ಮೆಟ್ಟಿಲ ಬುಡದಿಂದ, ಮೈಕಿನ ಹಂಗಿಲ್ಲದ ಕಂಠದಲ್ಲಿ.

ಕಳೆದ ವಾರ ನನ್ನ ಸರದಿ ಬಂತು. ಮಾತನಾಡಬೇಕಾದ್ದರಿಂದ ಮೈಕನ್ನು ತೆರೆದೆ. ಅದೇ ಕ್ಷಣಕ್ಕೆ ಮೂರು ಮಹಡಿಗಳನ್ನು ಹತ್ತಿ ಬಂತು ಕರೆ: "ತ್ರೀ ನಾಟ್ ಫೋರ್! ಏ ತ್ರೀ ನಾಟ್ ಫೋರ್! ಊಟ ಮಾಡ್ತೀಯೇನಪ್ಪಾ, ಪಾತ್ರೆ ಎತ್ತಿಬಿಡ್ಲಾ?"

ಕಾಲ್ ಸ್ತಬ್ಧವಾಯಿತು. ಕನ್ನಡ ಯಾರಿಗೂ ತಿಳಿಯಲಿಲ್ಲ, ನಂಬರ್ ಮಾತ್ರ ಎಲ್ಲರಿಗೂ ತಿಳಿಯಿತು. ವೆಬ್ ತಂತ್ರಜ್ಞಾನದಲ್ಲಿ 304 ಎಂಬುದು ಸರ್ವರ್ ಕೊಡುವ ಒಂದು ಉತ್ತರ: "ನೀನು ಕೇಳಿದ್ದು ಬದಲಾಗಿಲ್ಲ, ನಿನ್ನ ಬಳಿ ಮೊದಲೇ ಇರುವುದನ್ನೇ ಬಳಸಿಕೋ" ಎಂದು ಅದರ ಅರ್ಥ. "ನಮಗೆ 304 ಬರುತ್ತಿದೆಯೇ?" ಎಂದು ಮ್ಯಾನೇಜರ್ ಗಂಭೀರವಾಗಿ ಕೇಳಿದರು. ಅದು ನನ್ನ ಕೋಣೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಡಬ್ಲಿನ್ನಿನವರು, ತಮಗೂ ಬಹಳ ದಿನಗಳಿಂದ ಅದೇ ಸಂಶಯವಿತ್ತೆಂದೂ, ಬಳಕೆದಾರರಿಗೆ ಹಳೆಯ ಪುಟವೇ ಕಾಣುತ್ತಿರಬಹುದೆಂದೂ ಹೇಳಿ ಪುಟಗಳ ಹಳೆಯ ಪ್ರತಿಯನ್ನು ಕೂಡಿಟ್ಟುಕೊಳ್ಳುವ ಕ್ಯಾಶ್ (cache) ವ್ಯವಸ್ಥೆಯ ಬಗ್ಗೆ ಉಪನ್ಯಾಸವನ್ನು ಆರಂಭಿಸಿದರು. ಪುಣೆಯವರು ಅದು ತಮ್ಮ ತಂಡದ ತಪ್ಪಲ್ಲ ಎಂದು, ಯಾರೂ ಆರೋಪಿಸದಿದ್ದರೂ, ಸ್ಪಷ್ಟಪಡಿಸಿದರು. ಕೆಳಗಿನಿಂದ ಇನ್ನೊಮ್ಮೆ "ತ್ರೀ ನಾಟ್ ಫೋರ್!" ಎಂದು ಕೇಳಿಸಿತು. "ಅದು ಪದೇ ಪದೇ ಬರುತ್ತಿದೆ" ಎಂದು ಮ್ಯಾನೇಜರ್ ಬರೆದುಕೊಂಡರು. ಕೊನೆಗೆ ಸಮಸ್ಯೆಯನ್ನು ದಾಖಲಿಸುವ ಟಿಕೆಟ್ ತೆರೆಯಲಾಯಿತು, ಹೊಣೆ ಇಂಟರ್ನ್‌ಗೆ ಬಂತು. ನಾನು ಕೆಳಗಿಳಿದಾಗ ಉಳಿದಿದ್ದದ್ದು ಹಿಂದಿನ ದಿನದ ಸಾಂಬಾರು. ಬದಲಾಗಿರಲಿಲ್ಲ, ಇದ್ದುದನ್ನೇ ಬಳಸಿಕೊಂಡೆ.

ಹಾಸನದ ಹಾಸ್ಟೆಲಿನಲ್ಲಿ ಯಾರಾದರೂ ತಡವಾಗಿ ಬಂದರೆ, ಒಂದು ತಟ್ಟೆಯಲ್ಲಿ ಬಡಿಸಿ ಇನ್ನೊಂದನ್ನು ಮುಚ್ಚಿಟ್ಟಿರುತ್ತಿದ್ದರು. ಯಾರು ಇಟ್ಟರೆಂದು ಯಾರೂ ಕೇಳುತ್ತಿರಲಿಲ್ಲ. ಕೊನೆಯ ಸೆಮಿಸ್ಟರನ್ನು ಒಟ್ಟಿಗೆ ಕಳೆಯಬೇಕಾಗಿದ್ದ ಆ ಗುಂಪಿನವರು ಈಗ ವೈಟ್‌ಫೀಲ್ಡ್, ಮಾನ್ಯತಾ, ಹೈದರಾಬಾದ್ ಎಂದು ಚದುರಿ, ಯಾವುಯಾವುದೋ ದೇಶಗಳ ಬೆಳಗಿಗಾಗಿ ತಮ್ಮ ರಾತ್ರಿಗಳನ್ನು ತೆತ್ತುಕೊಳ್ಳುತ್ತಿದ್ದಾರೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹನ್ನೊಂದು ಗಂಟೆಗೆ ಬರುವ ಪ್ರಶ್ನೆ ಒಂದೇ: "ಊಟ ಆಯ್ತಾ?"

ಟಿಕೆಟ್ ಇನ್ನೂ ತೆರೆದೇ ಇದೆ. ಸರ್ವರ್ ಬರೆದಿಡುವ ದಾಖಲೆಗಳಾದ ಲಾಗ್‌ಗಳನ್ನು ನೋಡಲು ನನಗೆ ಆಕ್ಸೆಸ್ ಇಲ್ಲದ ಕಾರಣ 304 ಇಲ್ಲವೆಂದು ಸಾಬೀತುಪಡಿಸುವುದೂ ಸಾಧ್ಯವಿಲ್ಲ. ನಮ್ಮ ತಾಂತ್ರಿಕ ವಿಶ್ವವಿದ್ಯಾಲಯವಾದ ವಿಟಿಯುವಿನ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್‌ಗೂ ಕ್ರೆಡಿಟ್ ಇರುವುದರಿಂದ ಕಾಲೇಜಿನ ಗೈಡ್‌ಗೆ ವರದಿ ಕಳುಹಿಸಲೇಬೇಕು. ಬೇರೇನೂ ತೋಚದೆ "304 ಸಮಸ್ಯೆಯ ಮೂಲವನ್ನು ಪತ್ತೆಹಚ್ಚಲಾಗಿದೆ, ಪರಿಹಾರ ಬಾಕಿಯಿದೆ" ಎಂದು ಬರೆದೆ. ಸಂಜೆಯೊಳಗೆ ಸಹಿಯಾಗಿ ವಾಪಸು ಬಂತು, ಅಂಚಿನಲ್ಲಿ "ಉತ್ತಮ ಪ್ರಗತಿ" ಎಂಬ ಷರಾ ಸಮೇತ.