ಆಯೋಗೋಪಾಖ್ಯಾನ

ಒಕ್ಕೂಟ ವ್ಯವಸ್ಥೆಯನ್ನು ಸುಧಾರಿಸಲು ನಮ್ಮ ದೇಶ ಕಂಡುಕೊಂಡಿರುವ ಮಾರ್ಗ ಅತ್ಯಂತ ನಿರಪಾಯಕಾರಿಯಾದುದು. ರಾಜ್ಯಗಳು ಗೊಣಗತೊಡಗಿದರೆ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ಕರೆದು ಆಯೋಗವೊಂದನ್ನು ಒಪ್ಪಿಸಲಾಗುತ್ತದೆ. ವರದಿ ಸಿದ್ಧವಾಗಿ ಚರ್ಚೆಗೆ ಬರುವ ಹೊತ್ತಿಗೆ ಗೊಣಗುತ್ತಿದ್ದವರಲ್ಲಿ ಕೆಲವರಾದರೂ ದೆಹಲಿಯಲ್ಲೇ ಅಧಿಕಾರ ಹಿಡಿದು ಗೊಣಗುವುದನ್ನು ಮರೆತಿರುತ್ತಾರೆ.

1983ರಲ್ಲಿ ನಮ್ಮ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆಸಿ ಮಾತಿಗೆ ಕೂತರು. ಅದೇ ತಿಂಗಳು ಕೇಂದ್ರ ಸರ್ಕಾರ, ಕೇಂದ್ರ-ರಾಜ್ಯ ಸಂಬಂಧಗಳನ್ನು ಪರಿಶೀಲಿಸಲು ನ್ಯಾಯಮೂರ್ತಿ ಸರ್ಕಾರಿಯಾ ಅವರ ಆಯೋಗವನ್ನು ಘೋಷಿಸಿತು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದುಡಿದು ಆಯೋಗ ಕೊಟ್ಟ 247 ಶಿಫಾರಸುಗಳಲ್ಲಿ ಮುಖ್ಯವಾದುದು, ಸಂವಿಧಾನದ 263ನೇ ವಿಧಿಯಲ್ಲಿ ಅಂದಿನವರೆಗೂ ಸುಮ್ಮನೆ ಮಲಗಿದ್ದ, ಕೇಂದ್ರವೂ ರಾಜ್ಯಗಳೂ ಒಟ್ಟಿಗೆ ಕೂತು ಚರ್ಚಿಸುವ ಅಂತರರಾಜ್ಯ ಪರಿಷತ್ತನ್ನು ಎಬ್ಬಿಸಬೇಕೆಂಬುದು. 1990ರಲ್ಲಿ ಎಬ್ಬಿಸಿದರು. ವರ್ಷಕ್ಕೆ ಮೂರು ಸಲ ಸೇರಬೇಕೆಂದು ಆದೇಶದಲ್ಲೇ ಬರೆದುಕೊಂಡ ಈ ಪರಿಷತ್ತು 2016ರ ಜುಲೈವರೆಗೆ ಸೇರಿದ್ದು 11 ಸಲ. ಹತ್ತನೆಯ ಮತ್ತು ಹನ್ನೊಂದನೆಯ ಸಭೆಗಳ ನಡುವೆ ಸುಮಾರು ಹತ್ತು ವರ್ಷ. ಸದಸ್ಯರಾದ ಮುಖ್ಯಮಂತ್ರಿಗಳ ಅಮೂಲ್ಯ ಸಮಯದ ಬಗ್ಗೆ ಇಷ್ಟೊಂದು ಕಾಳಜಿ ಬೇರೆಲ್ಲಿ ಕಂಡೀತು? ಹಾಗೆಂದು ಅದನ್ನು ಮರೆತಿದ್ದಾರೆಂದು ತಿಳಿಯಬೇಡಿ, 2024ರ ನವೆಂಬರಿನಲ್ಲಿ ಸದಸ್ಯರ ಹೊಸ ಪಟ್ಟಿಯನ್ನು ವಿಧಿವತ್ತಾಗಿ ಹೊರಡಿಸಲಾಯಿತು. ಮುಹೂರ್ತ ಗೊತ್ತುಮಾಡದೆ ಲಗ್ನಪತ್ರಿಕೆ ಅಚ್ಚು ಹಾಕಿಸುವ ಮನೆತನಗಳೂ ಇರುತ್ತವಲ್ಲ.

ಈ ನಡುವೆ ನಮ್ಮವರೇ ಆದ ವೆಂಕಟಾಚಲಯ್ಯನವರ ಆಯೋಗ 2002ರಲ್ಲಿ ಇಡೀ ಸಂವಿಧಾನವನ್ನೇ ಪರಾಮರ್ಶಿಸಿ ಮುಗಿಸಿತು. 2010ರಲ್ಲಿ ಕೇಂದ್ರ-ರಾಜ್ಯ ಸಂಬಂಧಗಳ ಕುರಿತ ಪೂಂಛಿ ಆಯೋಗ ಏಳು ಸಂಪುಟಗಳ ವರದಿ ಒಪ್ಪಿಸಿ, ವಿಧಾನಮಂಡಲ ಅಂಗೀಕರಿಸಿದ ಮಸೂದೆಯ ಬಗ್ಗೆ ರಾಜ್ಯಪಾಲರು ಆರು ತಿಂಗಳೊಳಗೆ ತೀರ್ಮಾನಿಸಲಿ ಎಂದು ವಿನಯದಿಂದ ಹೇಳಿತು. ಆ ವರದಿಯನ್ನು ಪರಿಶೀಲಿಸುವ ಹೊಣೆ ಬಿದ್ದದ್ದು, ತಾನೇ ಅಪರೂಪಕ್ಕೆ ಸೇರುವ ಮೇಲ್ಕಂಡ ಪರಿಷತ್ತಿನ ಮೇಲೆ.

ಸಂವಿಧಾನದ ತಿದ್ದುಪಡಿ ಅಷ್ಟು ಕಷ್ಟವೇ ಎಂದು ಕೇಳುವ ಮುಗ್ಧರಿಗೆ ಒಂದು ಉದಾಹರಣೆ: 2019ರ ಜನವರಿ 8ರಂದು ಲೋಕಸಭೆಯಲ್ಲಿ ಮಂಡನೆಯಾದ ಆರ್ಥಿಕ ದುರ್ಬಲರ ಮೀಸಲಾತಿಯ ತಿದ್ದುಪಡಿ ಮಸೂದೆ ಅಂದೇ ಅಲ್ಲಿ ಅಂಗೀಕಾರವಾಗಿ, ಮರುದಿನ ರಾಜ್ಯಸಭೆ ದಾಟಿ, 12ಕ್ಕೆ ರಾಷ್ಟ್ರಪತಿಗಳ ಅಂಕಿತವನ್ನೂ ಪಡೆಯಿತು. ಶಿಕ್ಷಣ ಮತ್ತು ಅರಣ್ಯವನ್ನು ರಾಜ್ಯಪಟ್ಟಿಯಿಂದ, ಕೇಂದ್ರವೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಸಾಗಿಸಲು 1976ರಲ್ಲಿ ಏಳು ಸಂಪುಟಗಳೇನೂ ಬೇಕಾಗಿರಲಿಲ್ಲ. ಅಧಿಕಾರ ದೆಹಲಿಯತ್ತ ಹರಿಯುವಾಗ ದಾರಿ ಇಳಿಜಾರು. ಅಧ್ಯಯನದ ಅಗತ್ಯವೆಲ್ಲ ಮರಳಿ ಬರುವಾಗಿನದು.

ಇದೇ ಕೇಂದ್ರ-ರಾಜ್ಯ ಸಂಬಂಧಗಳ ಅಧ್ಯಯನಕ್ಕೆ ತಮಿಳುನಾಡು 1969ರಲ್ಲಿ ರಾಜಮನ್ನಾರ್ ಸಮಿತಿಯನ್ನೂ 2025ರಲ್ಲಿ ಕುರಿಯನ್ ಜೋಸೆಫ್ ಸಮಿತಿಯನ್ನೂ ತಾನೇ ನೇಮಿಸಿಕೊಂಡಿತು. ಉಳಿದ ರಾಜ್ಯಗಳೂ ಇದೇ ಹಾದಿ ಹಿಡಿಯಲಿ. ಆಗ ಅವೆಲ್ಲ ವರದಿಗಳನ್ನು ಸಮನ್ವಯಗೊಳಿಸಲು ರಾಷ್ಟ್ರಮಟ್ಟದ ಆಯೋಗವೊಂದು ಅನಿವಾರ್ಯವಾಗುತ್ತದೆ, ಅದರ ವರದಿಯನ್ನು ಪರಿಶೀಲಿಸಲು ಅಂತರರಾಜ್ಯ ಪರಿಷತ್ತು ಇದ್ದೇ ಇದೆ.